ಉಡಿ ತುಂಬಿದ ಗಾಡಿ ನಿಲ್ಲಲಿಲ್ಲ

ಶಹಾಬಾದ
ಮಂಗಳವಾರ, ೧೧ ಫೆಬ್ರುವರಿ ೨೦೨೫

ಪ್ರೀತಿಯ ಚೌಡೇಶಣ್ಣನಿಗೆ,

ಪಾಸಾದೆ ಅಣ್ಣಾ, ಮೊದಲನೇ ಸಲಕ್ಕೇ ಪಾಸಾದೆ, ಕಲಬುರಗಿಯ ಆರ್‌ಟಿಓ ಮೈದಾನದಲ್ಲಿ ಒಂದು ಕಂಬಕ್ಕೂ ತಾಗಿಸದೆ ಗಾಡಿ ತಿರುಗಿಸಿ ತಂದು ನಿಲ್ಲಿಸಿದೆ, ಇನ್ನು ನಿನ್ನ ತಂಗಿಯೂ ಲೈಸೆನ್ಸ್ ಇರುವ ಡ್ರೈವರು. ಇದನ್ನು ಹೇಳುವ ಮೊದಲು ನಿನ್ನ ಕ್ಷೇಮ ಕೇಳುವಷ್ಟು ತಾಳ್ಮೆ ನನಗೆ ಎಲ್ಲಿಂದ ಬರಬೇಕು. ಈಗ ಕೇಳುತ್ತೇನೆ. ಹೇಗಿದ್ದೀ? ಸೋಲಾಪುರದ ನೀರು ಮೈಗೆ ಒಗ್ಗಿತೇ? ದಿನವೂ ಅಕ್ಕಲಕೋಟ, ತುಳಜಾಪುರ ಎಂದು ಯಾತ್ರೆಯವರನ್ನು ಕೂರಿಸಿಕೊಂಡು ಓಡಾಡುತ್ತೀಯಂತೆ, ಸೊಂಟ ನೋವು ಮತ್ತೆ ಬಂದಿಲ್ಲ ತಾನೇ? ಹೋಟೆಲಿನ ಖಾರಕ್ಕೆ ನಿನ್ನ ಹೊಟ್ಟೆ ಏನೆನ್ನುತ್ತಿದೆ? ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಾನು ಎರಡು ತಿಂಗಳಲ್ಲಿ ದಪ್ಪಗಾಗಿದ್ದೇನೆ, ಮದುವೆಯ ರವಿಕೆಗಳು ಈಗಾಗಲೇ ಕೈಗೆ ಹಿಡಿಯುತ್ತಿವೆ.

ಫೋನು ಬಿಟ್ಟು ಪತ್ರ ಬರೆಯುತ್ತಿದ್ದಾಳಲ್ಲ ಇವಳು ಎಂದು ನಗಬೇಡ. ಹೊಸ ವರ್ಷದಿಂದ ನಿನ್ನ ಹಳೆಯ ನಂಬರು ಹತ್ತುತ್ತಿಲ್ಲ. ಅವ್ವನನ್ನು ಕೇಳಿದರೆ ಅದೂ ಇದೂ ಹೇಳಿ ಮಾತು ಮರೆಸುತ್ತಿದ್ದಳು. ಹೋದ ವಾರ ಹಟ ಹಿಡಿದು ಕೂತ ಮೇಲೆ ನಿನ್ನ ಟ್ರಾವೆಲ್ಸಿನವರ ವಿಳಾಸವನ್ನಷ್ಟೇ ಕೊಟ್ಟಳು. ಅಪ್ಪನೇ ನಿನಗೆ ಸಿಮ್ಮು ಬದಲಿಸು, ಸದ್ಯಕ್ಕೆ ಈ ಕಡೆ ಬರಬೇಡ, ಕನ್ನಡಿಯ ತಕರಾರೆಲ್ಲ ಮುಗಿದಿದೆ ಎಂದು ಹೇಳಿರುವುದೂ ಆವತ್ತೇ ಗೊತ್ತಾಯಿತು. ಆ ವಿಷಯಕ್ಕೆ ಬರುತ್ತೇನೆ. ನನ್ನ ಕನ್ನಡದ ಒತ್ತಕ್ಷರಗಳು ಅಲ್ಲಲ್ಲಿ ಜಾರಿರಬಹುದು. ಅಪ್ಪ ಓಡಿಸುತ್ತಿದ್ದ ವ್ಯಾನಿನ ಶಾಲೆಯಲ್ಲಿ ನನಗೊಂದು ಸೀಟು ಸಿಕ್ಕಿತೆಂದು ನಾನು ಇಂಗ್ಲಿಷಿನಲ್ಲಿ ಕಲಿತೆ, ನೀನು ಸರ್ಕಾರಿ ಶಾಲೆಯಲ್ಲಿ ಕಲಿತೆ, ಕೊನೆಗೆ ನನ್ನ ಕನ್ನಡದ ಹೋಮ್‌ವರ್ಕನ್ನೆಲ್ಲ ನೀನೇ ಬರೆದುಕೊಟ್ಟೆ. ಹಾಗಾಗಿ ಇದರಲ್ಲಿರುವ ತಪ್ಪಿನಲ್ಲಿ ನಿನಗೂ ಅರ್ಧ ಪಾಲಿದೆ.

ಕಾರು ಕಲಿಯುವ ಹುಚ್ಚು ಹತ್ತಿಸಿದವರು ಇವರೇ. ಪಾಲಿಶ್ ಕಾರ್ಖಾನೆಯ ಆಫೀಸಿನಿಂದ ಸಂಜೆ ಮೈಯೆಲ್ಲ ಕಲ್ಲಿನ ಪುಡಿ ಹೊತ್ತು ಬರುತ್ತಾರೆ, ಸ್ನಾನ ಮಾಡಿ ಕೂತ ಮೇಲೆ ನನ್ನ ಪಾಠ ಒಪ್ಪಿಸಿಕೊಳ್ಳುತ್ತಾರೆ. ಅಣ್ಣಾ, ನಿನ್ನ ಭಾವನದು ಮಾತು ಕಡಿಮೆ ಎಂದು ನೀವೆಲ್ಲ ಅಂದುಕೊಂಡಿದ್ದಿರಲ್ಲ, ಅದು ನಿಜವಲ್ಲ. ಇಬ್ಬರೇ ಇದ್ದಾಗ ಅವರಷ್ಟು ಮಾತಾಡುವವರನ್ನು ನಾನು ನೋಡಿಲ್ಲ. ಹೆಚ್ಚು ಬರೆದರೆ ನೀನು ಮೂಗು ಮುರಿಯುತ್ತೀ, ಬಿಡುತ್ತೇನೆ. ಅತ್ತೆಯವರಿಗೆ ಕಾರೆಂದರೆ ಭಯ. ಪಾಸಾದ ಮರುದಿನ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ವಾಡಿಯವರೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ‘ಮೆಲ್ಲಕ ನಡಿ ರಾಧಿಕಾ, ಎತ್ತಿನ ಗಾಡಿ ನಡಸಿದಂಗ ನಡಿ’ ಎನ್ನುತ್ತಲೇ ಇದ್ದರು. ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಮುಂದೆ ಹೋದಾಗ ಮಾತ್ರ ಕಣ್ಣು ತೆರೆದು, ‘ಇಷ್ಟೂ ಮೆಲ್ಲಕ ಬ್ಯಾಡವ್ವಾ, ಮಂದಿ ನಗ್ತಾರ’ ಎಂದರು. ಡ್ರೈವಿಂಗ್ ಸ್ಕೂಲಿನ ಸುರೇಶಕುಮಾರ ಸರ್ ಇನ್ನೊಂದು ಥರ. ‘ಮೇಡಂ, ಬ್ರೇಕ್ ಅಂದ್ರ ಗಂಡ ಇದ್ದಂಗ, ಮೆತ್ತಗ ತುಳೀರಿ’ ಎಂದು ಮೊದಲನೇ ದಿನವೇ ಹೇಳಿದರು. ಮನೆಗೆ ಬಂದು ಇವರಿಗೆ ಹೇಳಿದರೆ ಇವರು ನಗಲಿಲ್ಲ, ಒಳಗೆ ಅತ್ತೆಯವರು ನಕ್ಕದ್ದು ಕೇಳಿಸಿತು.

ಕಲಿಯುವವರ ಲೈಸೆನ್ಸಿಗೆ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಬರೆಯಬೇಕಲ್ಲ, ಅದರ ತಯಾರಿಗೆಂದು ಸುರೇಶಕುಮಾರ ಸರ್ ತಮ್ಮದೇ ಪ್ರಶ್ನೆಗಳ ಕಂತೆಯೊಂದನ್ನು ಇಟ್ಟುಕೊಂಡಿದ್ದಾರೆ. ಕೆಂಪು ಅಂಚಿನ ತ್ರಿಕೋನ, ಕೆಂಪು ಉಂಗುರ, ಬಲಕ್ಕೆ ತಿರುಗಬಾರದು, ಹಾರನ್ ಬಾರಿಸಬಾರದು, ಇವೆಲ್ಲ ನನಗೆ ಸಲೀಸಾಗಿ ಬಂದವು. ಒಂದು ಪ್ರಶ್ನೆಯ ಹತ್ತಿರ ಮಾತ್ರ ನಿಂತುಬಿಟ್ಟೆ. ರಸ್ತೆಯ ಪಕ್ಕ ಆಂಬುಲೆನ್ಸ್ ನಿಂತಿದೆ, ದೀಪ ತಿರುಗುತ್ತಿದೆ, ಸಿಬ್ಬಂದಿ ಕೆಳಗಿಳಿದು ಕೆಲಸ ಮಾಡುತ್ತಿದ್ದಾರೆ, ನೀವು ಏನು ಮಾಡುತ್ತೀರಿ? ಹಾರನ್ ಬಾರಿಸಿ ಬೇಗ ದಾಟುತ್ತೇನೆ ಎಂಬುದು ಒಂದು ಉತ್ತರ, ವೇಗ ಇಳಿಸಿ ಜಾಗ ಬಿಟ್ಟು ಹೋಗುತ್ತೇನೆ, ಜಾಗವಿಲ್ಲದಿದ್ದರೆ ನಿಲ್ಲುತ್ತೇನೆ ಎಂಬುದು ಇನ್ನೊಂದು. ಸರಿ ಉತ್ತರ ಯಾವುದೆಂದು ಚಿಕ್ಕ ಮಗುವಿಗೂ ಗೊತ್ತು. ಇದಕ್ಕೆ ಕಾಯ್ದೆ ಏನು ಹೇಳುತ್ತದೆ ಸರ್ ಎಂದು ಕೇಳಿದೆ. ‘ಓಡಿ ಬರೋ ಆಂಬುಲೆನ್ಸಿಗಿ ದಾರಿ ಬಿಡಲಿಲ್ಲಂದ್ರ ಹತ್ತು ಸಾವಿರ ದಂಡ, ಇಲ್ಲಂದ್ರ ಆರು ತಿಂಗಳ ಜೈಲು, ಎರಡೂ ಆದರೂ ಆಯ್ತು. ನಿಂತದ್ದಕ್ಕ ಏನದರಿ ಮೇಡಂ? ನಿಂತದ, ನಿಂದರ್ತದ’ ಎಂದರು. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಆದರೆ ನಾನು ಸುಮ್ಮನಿರುವವಳಲ್ಲ ಎಂದು ನಿನಗೆ ಗೊತ್ತಿದೆ. ಮನೆಗೆ ಬಂದು ಫೋನಿನಲ್ಲಿ ಓದಿದೆ. ಬೇರೆ ಕೆಲವು ದೇಶಗಳಲ್ಲಿ ನಿಂತ ಆಂಬುಲೆನ್ಸು, ಪೊಲೀಸು, ಬೆಂಕಿ ಆರಿಸುವ ಗಾಡಿ ಕಂಡರೆ ಒಂದು ಸಾಲು ಬಿಟ್ಟು ಆಚೆ ಸರಿಯಬೇಕು, ಸರಿಯಲಾಗದಿದ್ದರೆ ವೇಗ ತಗ್ಗಿಸಬೇಕು ಎಂದು ಅದಕ್ಕೇ ಒಂದು ಕಾನೂನಿದೆ. ನಮ್ಮ ಸೇಡಂ ಚಿತ್ತಾಪುರ ರಸ್ತೆಯಲ್ಲಿ ಇರುವುದೇ ಒಂದು ಸಾಲು, ಅದರಲ್ಲಿ ಅರ್ಧ ತೊಗರಿ ಒಣಹಾಕಿರುತ್ತಾರೆ, ಸರಿಯುವುದಾದರೂ ಎಲ್ಲಿಗೆ ಎಂದು ಇವರ ಹತ್ತಿರ ಅಂದೆ. ‘ಸರೀಲಿಕ್ಕ ಜಾಗ ಇಲ್ಲಂದ್ರ ನಿಂದರಬೇಕು, ಅಷ್ಟೇ’ ಎಂದರು ಇವರು. ಆಮೇಲೆ ನಮ್ಮ ಕಾಯ್ದೆಯನ್ನು ಇಬ್ಬರೂ ಕೂಡಿ ಓದಿದೆವು. ನಿಂತ ಗಾಡಿಗೆಂದೇ ಬೇರೆ ಕಲಮು ನಮಗೆ ಸಿಗಲಿಲ್ಲ. ಇನ್ನೊಬ್ಬರ ಜೀವಕ್ಕೆ ಕುತ್ತಾಗುವಂತೆ ಗಾಡಿ ಓಡಿಸಬಾರದು ಎಂಬುದರಲ್ಲೇ ಅದೂ ಸೇರುತ್ತದೆ. ಜೊತೆಗೆ ಇನ್ನೊಂದಿದೆ: ಯಾರಿಗಾದರೂ ಪೆಟ್ಟಾದರೆ ಗಾಡಿ ನಿಲ್ಲಿಸಬೇಕು, ಪೆಟ್ಟಾದವರಿಗೆ ನೆರವಾಗಬೇಕು, ಪೊಲೀಸರಿಗೆ ತಿಳಿಸಬೇಕು. ಇದನ್ನೆಲ್ಲ ಮಾಡಬೇಕಾದವನು ಚಾಲಕ. ಗಾಡಿಯಲ್ಲಿ ಯಾರು ಕೂತಿದ್ದರು, ಯಾರು ಏನು ಹೇಳಿದರು ಎಂದು ಕಾಯ್ದೆ ಕೇಳುವುದಿಲ್ಲ.

ನಮ್ಮ ಮದುವೆಯ ದಿನ ಯಾರು ಏನು ಹೇಳಿದರು ಎಂದು ಕೇಳಿದ್ದರೆ ದೊಡ್ಡವ್ವ ಸಾಬಮ್ಮನ ಹೆಸರು ಮೊದಲು ಬರುತ್ತಿತ್ತು. ನಿನಗೆ ನೆನಪಿದೆ, ಆದರೂ ಬರೆಯುತ್ತೇನೆ, ನನಗೆ ಕಂಡಷ್ಟು. ಸೇಡಮ್ಮಿನಲ್ಲಿ ಉಡಿ ತುಂಬಿ ನನ್ನನ್ನು ಕಾರಿನಲ್ಲಿ ಕೂರಿಸಿದರು. ನಮ್ಮ ಮನೆಯ ರೂಢಿ, ಉಡಿ ತುಂಬಿಸಿಕೊಂಡ ಹೆಣ್ಣಿನ ಗಾಡಿ ತವರು ಬಿಟ್ಟರೆ ಗಂಡನ ಮನೆಯ ಬಾಗಿಲಲ್ಲೇ ನಿಲ್ಲಬೇಕು. ನಡುವೆ ನಿಂತರೆ ಉಡಿಯಲ್ಲಿದ್ದದ್ದು ದಾರಿಯ ಪಾಲಾಗುತ್ತದಂತೆ. ದೊಡ್ಡವ್ವನ ಗಾಡಿ ಅವಳ ಮದುವೆಯಲ್ಲಿ ಪಂಕ್ಚರಾಗಿ ನಿಂತಿತ್ತು, ತನಗೆ ಮಕ್ಕಳಾಗದ್ದಕ್ಕೆ ಅದೇ ಕಾರಣ ಎಂದು ಅವಳು ಇವತ್ತಿಗೂ ನಂಬಿದ್ದಾಳೆ. ಅದಕ್ಕೇ ಅವಳು ಮುಂದೆ ನಿನ್ನ ಪಕ್ಕ ಕೂತಳು, ಕಾವಲಿಗೆ. ಹಿಂದೆ ನಾವಿಬ್ಬರು. ನನ್ನ ಹಣೆಗೆ ಬಾಸಿಂಗ, ಕೊರಳಲ್ಲಿ ಎರಡು ಹಾರ, ಮೊಣಕಾಲ ಮೇಲೆ ಕೊಬ್ಬರಿ ಅಕ್ಕಿಯ ಗಂಟು. ಕಿಟಕಿಯ ಆಚೆ ಏನಿದೆ ಎಂದು ನನಗೆ ಕಾಣುತ್ತಿರಲಿಲ್ಲ.

ಚಿತ್ತಾಪುರ ಮುಟ್ಟಲು ಇನ್ನೂ ಒಂದು ಊರು ದಾಟಬೇಕಿತ್ತು. ‘ಆಂಬುಲೆನ್ಸ್ ನಿಂತದ’ ಎಂದು ನೀನೇ ಮೊದಲು ಅಂದೆ. ದೊಡ್ಡವ್ವ ಕೂಡಲೇ ಸೆರಗು ಮುಖಕ್ಕೆ ಹಿಡಿದು, ‘ಅತ್ತ ನೋಡಬ್ಯಾಡ್ರಿ, ಯಾರೂ ನೋಡಬ್ಯಾಡ್ರಿ. ಚೌಡ್ಯಾ, ಹೊಡಿ’ ಎಂದಳು. ಒಂದು ಕಡೆ ಅದು ನಿಂತಿತ್ತಂತೆ, ಇನ್ನೊಂದು ಕಡೆ ರಸ್ತೆಯ ಮೇಲೆ ತೊಗರಿ ಹರಡಿತ್ತಂತೆ, ಇವರು ಆಮೇಲೆ ಹೇಳಿದರು. ತೊಗರಿಕಟ್ಟಿಗೆಯ ಮೇಲೆ ಹೋದರೆ ಕಾರಿನ ಹೊಟ್ಟೆಗೆ ಸಿಕ್ಕಿಕೊಂಡು ಗಾಡಿ ನಿಲ್ಲುತ್ತದೆಂದು ನಿನಗೆ ಹೆದರಿಕೆಯಾಗಿರಬೇಕು, ನೀನು ಆಂಬುಲೆನ್ಸಿನ ಕಡೆ ಒತ್ತಿದೆ. ಏನೋ ಬಡಿದ ಸದ್ದು ಬಂತು. ಇವರು ‘ನಿಲ್ಲಸ್ರಿ, ನಿಲ್ಲಸ್ರಿ’ ಎಂದರು. ‘ಅಳಿಯಂದಿರಾ, ಸುಮ್ನ ಕೂಡ್ರಿ, ಇನ್ನ ಮನಿ ಮುಟ್ಟಿಲ್ಲ’ ಎಂದಳು ದೊಡ್ಡವ್ವ. ನೀನು ‘ಕನ್ನಡಿ ಬಡದದ, ಕನ್ನಡಿ ಅಷ್ಟೇ’ ಎಂದೆ. ನಿನಗೆ ಕಂಡದ್ದೂ ಅಷ್ಟೇ ಎಂದು ನಾನು ನಂಬಿದ್ದೇನೆ. ಶಹಾಬಾದಿಗೆ ಬಂದು, ಮನೆ ತುಂಬಿಸಿ, ಊಟ ಮಾಡಿ, ಸಂಜೆ ನೀನು ಸೋಲಾಪುರದ ಕೆಲಸಕ್ಕೆ ಹೊರಟುಹೋದೆ. ಹೋಗುವಾಗ ನನ್ನ ತಲೆ ಮೇಲೆ ಕೈಯಿಟ್ಟು, ‘ನೋಡು, ಎಲ್ಲೂ ನಿಲ್ಲಸ್ದೆ ತಂದು ಮುಟ್ಸೀನಿ’ ಎಂದು ನಕ್ಕೆ.

ಬಡಿದದ್ದು ಮನುಷ್ಯನ ಮೊಣಕೈಗೆ ಅಣ್ಣಾ. ಹೆಸರು ತಾಹಿರ್, ಆಂಬುಲೆನ್ಸಿನ ಸಿಬ್ಬಂದಿ, ಇದೇ ಶಹಾಬಾದಿನವರು, ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ. ಬೈಕಿನಿಂದ ಬಿದ್ದ ಹೆಂಗಸೊಬ್ಬಳನ್ನು ಒಳಗೆ ಹಾಕಲು ಹಿಂದಿನ ಬಾಗಿಲು ತೆರೆದು ಸ್ಟ್ರೆಚರು ಎಳೆಯುತ್ತಿದ್ದರಂತೆ. ಮೊಣಕೈಯ ಕೆಳಗಿನ ಮೂಳೆ ಮುರಿಯಿತು. ಮರುದಿನವೇ ಇವರು ವಿಚಾರಿಸಿ ಹುಡುಕಿಕೊಂಡು ಅವರ ಮನೆಗೆ ಹೋದರು, ಆಮೇಲೆ ನಾನೂ ಹೋಗತೊಡಗಿದೆ. ಮೊದಲ ಸಲ ಹೋದಾಗ ಬಾಗಿಲಲ್ಲೇ ನಿಂತೆ. ತಾಹಿರ್ ಭಾಯಿ ಪ್ಲಾಸ್ಟರಿನ ಕೈ ಎತ್ತಿ, ‘ಬರ್ರಿ ಬರ್ರಿ, ನಿಮ್ಮ ಮದವಿ ಊಟ ಸಿಗಲಿಲ್ಲ ನಮಗ, ಬರೇ ಕನ್ನಡಿ ಸಿಕ್ಕದ’ ಎಂದರು. ಅವರ ತಾಯಿ ಜಾನಬಿ ಮಗನಿಗೆ, ‘ಚುಪ್ ಕೂಡೋ, ಹೊಸ ಮದುಮಗಳು ಅಳ್ತಾಳ ಅಕಿ’ ಎಂದು ಗದರಿ ನನ್ನನ್ನು ಒಳಗೆ ಎಳೆದುಕೊಂಡರು. ನಾನು ಅಳುತ್ತಿರಲಿಲ್ಲ, ಆಮೇಲೆ ಅತ್ತೆ. ಈಗ ಅವರ ಮನೆಯ ಚಹಾ ನನಗೆ ರೂಢಿಯಾಗಿದೆ. ಕೈ ಕೂಡಿದೆ, ಬೆರಳು ಮಡಚಲು ಬರುತ್ತದೆ, ನಿನ್ನೆಯಿಂದ ಡ್ಯೂಟಿಗೆ ಹೋಗುತ್ತಿದ್ದಾರೆ. ಇದು ನನ್ನ ಲೈಸೆನ್ಸಿಗಿಂತ ದೊಡ್ಡ ಸುದ್ದಿ, ನಿನಗೆ ಇದನ್ನೇ ಮೊದಲು ಬರೆಯಬೇಕಿತ್ತು, ಆದರೆ ಇದರ ಹಿಂದಿನದೇ ನಿನಗೆ ಗೊತ್ತಿಲ್ಲ ಎಂದು ನೆನಪಾಯಿತು.

ನಿನಗೆ ಗೊತ್ತಿಲ್ಲದ ಇನ್ನೊಂದು ಇದೆ. ಅಪ್ಪ ನಮ್ಮ ಹಿಂದೆ ನೆಂಟರ ಟೆಂಪೋದಲ್ಲಿ ಬರುತ್ತಿದ್ದನಲ್ಲ. ಆ ಜಾಗಕ್ಕೆ ಬಂದಾಗ ಟೆಂಪೋ ನಿಂತಿತು. ರಸ್ತೆಯಲ್ಲಿ ಬಿದ್ದಿದ್ದ ಕನ್ನಡಿಗೆ ಸೇವಂತಿಗೆಯ ಸರ ಸುತ್ತಿತ್ತು, ಬೆಳಿಗ್ಗೆ ಅಪ್ಪನೇ ಕಟ್ಟಿದ್ದು. ಅವನು ಇಳಿದು ಹೋಗಿ, ಕೈ ಮುರಿದುಕೊಂಡು ಕೂತ ತಾಹಿರ್ ಭಾಯಿಯ ಬದಲು ತಾನು ಸಲೈನಿನ ಬಾಟಲಿ ಹಿಡಿದು ನಿಂತ. ಆ ಹೆಂಗಸನ್ನು ಆಂಬುಲೆನ್ಸಿಗೆ ಏರಿಸಿ ಕಳಿಸಿದ ಮೇಲೆಯೇ ಟೆಂಪೋ ಹತ್ತಿದ. ಇದನ್ನು ಅವನಾಗಲಿ ಟೆಂಪೋದಲ್ಲಿದ್ದವರಾಗಲಿ ನಮಗೆ ಹೇಳಲಿಲ್ಲ, ನಾನು ಕೇಳಿದ್ದು ತಾಹಿರ್ ಭಾಯಿಯ ಬಾಯಿಂದ. ಎರಡು ದಿನದ ಮೇಲೆ ಪೊಲೀಸರು ಕನ್ನಡಿಯ ಜಾಡು ಹಿಡಿದು ಸೇಡಮ್ಮಿನ ನಮ್ಮ ಮನೆಗೆ ಬಂದು ಕಾರು ಯಾರು ಹೊಡೆಯುತ್ತಿದ್ದರು ಎಂದು ಕೇಳಿದರು. ‘ನಾನೇರಿ’ ಎಂದ ಅಪ್ಪ.

ಕಾರಣ ನಿನ್ನ ಕೆಲಸದ ಆರ್ಡರು. ಸರ್ಕಾರಿ ಬಸ್ಸಿನ ಚಾಲಕರ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆ, ಕೈಗೆ ಇನ್ನೂ ಕಾಗದ ಸಿಕ್ಕಿಲ್ಲ, ಈಗ ಕೇಸು ಬಿದ್ದರೆ ಹೋಯಿತು ಎಂದು ಅವನ ಲೆಕ್ಕ. ‘ಅವನ ಆರ್ಡರ್ ಬರೂತನ ನಾ ತಡಕೋತೀನಿ. ಅವಂಗ ಯಾರೂ ಹೇಳಬ್ಯಾಡ್ರಿ’ ಎಂದು ಅವ್ವನಿಂದ ಆಣೆ ಹಾಕಿಸಿಕೊಂಡಿದ್ದಾನೆ. ನನ್ನಿಂದ ಆಣೆ ಹಾಕಿಸಿಕೊಳ್ಳಲು ಮರೆತ. ಶಾಲೆಯವರು ಕೇಸು ಮುಗಿಯುವವರೆಗೆ ವ್ಯಾನು ಮುಟ್ಟಬೇಡಿ ಎಂದಿದ್ದಾರೆ, ಅವರದ್ದೂ ತಪ್ಪೆನ್ನಲಾರೆ, ಮಕ್ಕಳನ್ನು ಕೂರಿಸುವ ಗಾಡಿ. ಲೈಸೆನ್ಸೇ ಹೋದರೆ ಮತ್ತೆ ಕರೆಯುವುದಿಲ್ಲ. ಅಪ್ಪ ದಿನವೂ ಬೆಳಿಗ್ಗೆ ಎದ್ದು ಖಾಕಿ ಅಂಗಿಗೆ ಇಸ್ತ್ರಿ ಮಾಡಿ ಹಾಕಿಕೊಂಡು ಚಹಾ ಕುಡಿಯುತ್ತಾನಂತೆ. ಶಾಲೆಯ ವ್ಯಾನು ಬೇರೆ ಯಾರದೋ ಕೈಯಲ್ಲಿ ಓಣಿ ದಾಟಿದ ಮೇಲೆ ಅಂಗಿ ಬಿಚ್ಚಿ ಮೊಳೆಗೆ ಹಾಕುತ್ತಾನಂತೆ. ಅವ್ವ ಇಷ್ಟನ್ನು ಹೇಳಿ, ಒಲೆಯ ಮೇಲೆ ಬೇಳೆ ಉಕ್ಕುತ್ತಿದೆ ಎಂದು ಫೋನಿಟ್ಟಳು.

ಹೋದ ಭಾನುವಾರ ಅಪ್ಪ ತಾಹಿರ್ ಭಾಯಿಯ ಮನೆಗೆ ಬಂದಿದ್ದ. ನಾನೂ ಅಲ್ಲೇ ಇದ್ದೆ. ‘ನನ್ನಿಂದ ತಪ್ಪಾಗ್ಯಾದ, ಗಾಡಿ ನಾನೇ ಹೊಡೀಲಿಕತ್ತಿದ್ದೆ, ಹಂಗೇ ಹೇಳ್ರಿ’ ಎಂದು ಕೈ ಜೋಡಿಸಿದ. ತಾಹಿರ್ ಭಾಯಿ ಆ ಕೈ ಬಿಡಿಸಿ ಚಹಾದ ಕಪ್ಪು ಕೊಟ್ಟರು. ಅಪ್ಪ ಹೋದ ಮೇಲೆ ನನ್ನ ಕಡೆ ತಿರುಗಿ, ‘ಬಾಟ್ಲಿ ಹಿಡದು ನಿಂತ ಮನಷ್ಯಾನೇ ನನಗ ಬಡದು ಹೋದಾನಂತ ಹೆಂಗ ಹೇಳಲಿ ತಂಗಿ? ನನ್ನ ಡ್ರೈವರ್ ನೋಡ್ಯಾನ, ಆ ಹೆಣ್ಮಗಳ ಮಂದಿ ನೋಡ್ಯಾರ’ ಎಂದರು. ಜಾನಬಿ, ‘ಬಾಪ್‌ನ ದಿಲ್ ಅದು, ನಿನಗ ತಿಳಿಯಂಗಿಲ್ಲ’ ಎಂದರು. ‘ತಿಳಿತದಮ್ಮಾ. ಖರೆ ಹೇಳಿದ್ರ ಆ ಮುದುಕ ಪೊಲೀಸರ ಮುಂದ ಖೋಟಾ ಆಗ್ತಾನ, ಖೋಟಾ ಹೇಳಿದ್ರ ನಾ ಆಗ್ತೀನಿ’ ಎಂದರು ತಾಹಿರ್ ಭಾಯಿ. ನಾನು ಚಹಾದ ಕಪ್ಪು ತೊಳೆದಿಟ್ಟು ಮನೆಗೆ ಬಂದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡವ್ವನ ಮೇಲೂ ಇಲ್ಲ. ಅವಳಿಗೆ ನಾನು ಮೊನ್ನೆ ಹೇಳಿದೆ, ನನಗೆ ಮಗುವಾದರೆ ಅದು ಗಾಡಿ ನಿಲ್ಲದ್ದಕ್ಕೆ ಆದದ್ದಲ್ಲ ಎಂದು. ‘ಇಂಗ್ಲಿಷ್ ಸಾಲಿ ಮಾತು ಇದು’ ಎಂದಳು. ಆಮೇಲೆ ಸಣ್ಣ ದನಿಯಲ್ಲಿ ಆ ಹುಡುಗನ ಕೈ ಹೇಗಿದೆ ಎಂದು ಕೇಳಿದಳು.

ಚಳಿ ಇನ್ನೂ ಇದೆ, ಬೆಳಗಿನ ಟ್ರಿಪ್ಪಿಗೆ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಅತ್ತೆಯವರು ನಿನಗೆ ಆಶೀರ್ವಾದ ಹೇಳಿದ್ದಾರೆ, ಇವರು ನಮಸ್ಕಾರ ಹೇಳಿದ್ದಾರೆ, ನಾನು ಆಶೀರ್ವಾದ ಹೇಳುವಷ್ಟು ದೊಡ್ಡವಳಲ್ಲ, ಪ್ರೀತಿ ಮಾತ್ರ ಕಳಿಸುತ್ತೇನೆ.

ನಿನ್ನ
ರಾಧಿ

ತಾ.ಕ.: ಲಕೋಟೆಗೆ ಹಾಕುವ ಮುಂಚೆ ಇವರು ಆಫೀಸಿನಿಂದ ಫೋನ್ ಮಾಡಿದರು. ಬರುವ ಸೋಮವಾರ ಅಪ್ಪನನ್ನೂ ತಾಹಿರ್ ಭಾಯಿಯನ್ನೂ ಚಿತ್ತಾಪುರ ಠಾಣೆಗೆ ಕರೆದಿದ್ದಾರೆ, ಹೇಳಿಕೆ ಬರೆಸಿಕೊಂಡರೆ ಅದೇ ಕೋರ್ಟಿಗೆ ಹೋಗುತ್ತದೆ. ಅಪ್ಪ ಸಹಿ ಮಾಡುವ ಮೊದಲು ನೀನು ಅಲ್ಲಿಗೆ ಹೋಗಿ ಗಾಡಿ ಹೊಡೆಯುತ್ತಿದ್ದವನು ನಾನು ಎಂದು ಹೇಳಬೇಕು. ಆರ್ಡರು ಹೋಗಬಹುದು, ಹೋಗುವುದಿಲ್ಲ ಎಂದು ನಿನಗೆ ಸುಳ್ಳು ಹೇಳಲಾರೆ. ಇವರು ಚಿತ್ತಾಪುರದಲ್ಲಿ ವಕೀಲರೊಬ್ಬರನ್ನು ಕೇಳಿ ಇಟ್ಟಿದ್ದಾರೆ, ಠಾಣೆಗೆ ನಿನ್ನ ಜೊತೆ ತಾವೂ ಬರುತ್ತಾರೆ, ಒಬ್ಬನೇ ಹೋಗಬೇಕಾಗಿಲ್ಲ. ಬರುತ್ತೇನೆ, ಬರುವುದಿಲ್ಲ ಎಂದು ನನಗೆ ಉತ್ತರ ಬರೆಯಬೇಡ, ತಲುಪುವಷ್ಟು ದಿನ ಉಳಿದಿಲ್ಲ. ನಾನೇ ಕರೆದುಕೊಂಡು ಹೋಗಲು ಬರುತ್ತಿದ್ದೇನೆ. ಟ್ರಾವೆಲ್ಸಿನವರಿಗೆ ರಜೆ ಹೇಳಿ ಬಟ್ಟೆ ತುಂಬಿಕೊಂಡು ಸ್ಟೇಷನ್ನಿನಲ್ಲಿ ನನ್ನ ರೈಲಿಗೆ ಕಾದು ನಿಂತಿರು: ಶನಿವಾರ, ವಾಡಿ ಸೋಲಾಪುರ ಪ್ಯಾಸೆಂಜರ್.